ಲೆಕ್ಸಿಂಗ್ಟನ್‌ಗೆ ಹೋದರೆ ಪ್ರತಿಮೆ ನೋಡಿ ವಾಪಸ್ ಬರಬೇಡಿ

ಬಾಸ್ಟನ್‌ಗೆ ಬಂದವರು ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ಬ್ಯಾಟಲ್ ಗ್ರೀನ್ ಮೈದಾನಕ್ಕೆ ಹೋಗಿ, ಮಿನಿಟ್‌ಮ್ಯಾನ್ (ಕರೆ ಬಂದ ಕ್ಷಣ ಸಜ್ಜಾಗುವ ಊರಿನ ಯೋಧ) ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಕ್ಯಾಪ್ಟನ್ ಜಾನ್ ಪಾರ್ಕರ್ ಅವರ ಕಥೆ ಅಲ್ಲಿ ಅರ್ಧವೇ ಸಿಗೋದು. ಒಂದಿಡೀ ದಿನ ಇಟ್ಟುಕೊಳ್ಳಿ.

ಪಾರ್ಕರ್ ರೈತ. ಊರಿನ ಮಿಲಿಷಿಯಾಗೆ, ಅಂದರೆ ಊರವರೇ ಸೇರಿ ಕಟ್ಟಿಕೊಂಡ ಪಡೆಗೆ, ಕ್ಯಾಪ್ಟನ್. 1775ರ ಏಪ್ರಿಲ್‌ನಲ್ಲಿ ಅವರಿಗೆ 45 ವರ್ಷ, ಆಗಲೇ ಕ್ಷಯ ಹಿಡಿದಿತ್ತು.

ಮೊದಲು ಮೈದಾನದ ಎದುರಿನ ಬಕ್‌ಮನ್ ಟ್ಯಾವರ್ನ್ ಅನ್ನೋ ಹಳೆಯ ಪಾನಗೃಹಕ್ಕೆ ಹೋಗಿ. ಟಿಕೆಟ್ ಇದೆ, ಆದರೆ ತಪ್ಪಿಸಬೇಡಿ. ಏಪ್ರಿಲ್ 19ರ ನಸುಕಿನಲ್ಲಿ ಬ್ರಿಟಿಷ್ ಸೈನ್ಯದ ದಾರಿ ಕಾಯುತ್ತಾ ಪಾರ್ಕರ್ ಕಡೆಯವರು ಕೂತಿದ್ದದ್ದು ಇಲ್ಲೇ. ಹಳೆಯ ಬಾಗಿಲಲ್ಲಿ ಗುಂಡು ಹೊಕ್ಕ ತೂತು ಹಾಗೇ ಇದೆ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಬೆಳಕು ಹರಿಯುವಾಗ ಮೈದಾನದಲ್ಲಿ ನಿಂತವರು 77ರಷ್ಟು ಜನ ಮಾತ್ರ. ಮುಂದಿನ ಊರು ಕಾನ್‌ಕಾರ್ಡ್‌ಗೆ ಹೊರಟಿದ್ದ ಬ್ರಿಟಿಷ್ ದಂಡು ಸುಮಾರು 700. ಅಲ್ಲಿನ ಬಂಡೆಯ ಮೇಲೆ ಪಾರ್ಕರ್ ಹೇಳಿದರೆನ್ನುವ ವೀರಾವೇಶದ ಮಾತು ಕೆತ್ತಿದ್ದಾರೆ. ಆದರೆ ಕೆಲವೇ ದಿನಗಳ ನಂತರ ಪಾರ್ಕರ್ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಬೇರೆ: ಗುಂಡು ಹಾರಿಸದೆ ಚದುರಿ ಹೋಗಿ ಅಂತ ತಾನೇ ಆದೇಶ ಕೊಟ್ಟೆ ಎಂದಿದ್ದರು. ನನಗೆ ಆ ಪಾರ್ಕರ್ ಮೇಲೇ ಗೌರವ ಜಾಸ್ತಿ. ತನ್ನ ಊರಿನ ಹುಡುಗರನ್ನು ಸುಮ್ನೆ ಬಲಿಕೊಡಲು ಯಾರಿಗೆ ಮನಸ್ಸಾಗುತ್ತೆ? ಆದರೂ 8 ಮಂದಿ ಸತ್ತರು. ಅವರಲ್ಲಿ ಪಾರ್ಕರ್ ಅವರ ದಾಯಾದಿ ಜೋನಸ್ ಒಬ್ಬರು, ಬಯೋನೆಟ್ (ಬಂದೂಕಿನ ತುದಿಯ ಚೂರಿ) ತಿವಿತದಿಂದ.

ಮುಂದಿನದ್ದನ್ನು ನೋಡಲು ಮಿನಿಟ್ ಮ್ಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು, ಸುಮಾರು 3 ಮೈಲಿ. ಪ್ರವೇಶ ಉಚಿತ. ವಿಸಿಟರ್ ಸೆಂಟರ್ ಹತ್ತಿರದ ಕಲ್ಲುಗುಡ್ಡಕ್ಕೆ ‘ಪಾರ್ಕರ್ಸ್ ರಿವೆಂಜ್’ ಅಂತ ಹೆಸರು. ಬೆಳಿಗ್ಗೆ ಅಷ್ಟು ಜನರನ್ನು ಕಳೆದುಕೊಂಡ ಪಾರ್ಕರ್, ಉಳಿದವರನ್ನು ಕಟ್ಟಿಕೊಂಡು ಬಂದು, ಮಧ್ಯಾಹ್ನ ವಾಪಸಾಗುತ್ತಿದ್ದ ಅದೇ ದಂಡಿನ ಮೇಲೆ ಇಲ್ಲಿಂದ ಗುಂಡು ಹಾರಿಸಿದರು. ಮೇಲೆ ನಿಂತರೆ ದಾರಿ ಪೂರ್ತಿ ಕೈಗೆ ಸಿಕ್ಕ ಹಾಗೆ ಕಾಣುತ್ತೆ. ಇಲ್ಲಿ ಪುರಾತತ್ವದವರಿಗೆ ಆ ದಿನದ ಮಸ್ಕೆಟ್ (ಹಳೇ ಕಾಲದ ಉದ್ದ ಬಂದೂಕು) ಗುಂಡುಗಳೂ ಸಿಕ್ಕಿವೆ.

ಕಾರಿಲ್ಲದಿದ್ದರೆ ಬಾಸ್ಟನ್ ಮೆಟ್ರೋದ ರೆಡ್ ಲೈನ್‌ನಲ್ಲಿ ಏಲ್‌ವೈಫ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಬಸ್ಸು ಅಥವಾ ಮಿನಿಟ್‌ಮ್ಯಾನ್ ಬೈಕ್‌ವೇ ಅನ್ನೋ ಸೈಕಲ್ ದಾರಿ ಹಿಡಿಯಿರಿ. ಸೈಕಲ್ ಇದ್ದರೆ ಎಲ್ಲಾ ಸಲೀಸು. ಭಾನುವಾರದ ಬಸ್ಸನ್ನು ನಂಬಿ ಹೊರಡಬೇಡಿ, ವೇಳಾಪಟ್ಟಿ ನೋಡಿಕೊಳ್ಳಿ. ಕಾಡಿನ ದಾರಿಯಲ್ಲಿ ಉಣ್ಣಿಗಳ (ರಕ್ತ ಹೀರುವ ಹುಳುಗಳ) ಕಾಟ, ಉದ್ದ ಪ್ಯಾಂಟ್ ಇರಲಿ. ಚಳಿಗಾಲದಲ್ಲಿ ವಿಸಿಟರ್ ಸೆಂಟರ್ ಮುಚ್ಚಿರುತ್ತೆ. ಏಪ್ರಿಲ್ ಮೂರನೇ ಸೋಮವಾರ ಹೋದರೆ ನಸುಕಿನಲ್ಲೇ ಮೈದಾನದಲ್ಲಿ ಕದನದ ಮರುನಟನೆ ನಡೆಯುತ್ತೆ. ಜಾಗ ಬೇಕಾದರೆ ಕತ್ತಲಿರುವಾಗಲೇ ಹೋಗಿ.

ಆ ಸೆಪ್ಟೆಂಬರ್‌ನಲ್ಲೇ ಪಾರ್ಕರ್ ತೀರಿಕೊಂಡರು. ಸಮಾಧಿ ಮೈದಾನದ ಪಕ್ಕದ ಹಳೆಯ ಸ್ಮಶಾನದಲ್ಲಿದೆ. ಅವರ ಮಸ್ಕೆಟ್ ಮಾತ್ರ ಬಾಸ್ಟನ್‌ನ ಸ್ಟೇಟ್ ಹೌಸ್‌ನಲ್ಲಿ (ರಾಜ್ಯದ ಶಾಸನಸಭೆಯ ಕಟ್ಟಡ), ಸೆನೆಟ್ ಸಭಾಂಗಣದಲ್ಲಿದೆ. ಅದನ್ನೂ ನೋಡೋ ಆಸೆ ಇದ್ದರೆ ವಾರದ ದಿನವೇ ಹೋಗಿ.