ಐನ್‌ಮನೆ ಮಾದರಿ: ನೆಲ ಮುಗಿಯಿತು, ಚಾವಣಿ ನಡೆದಿದೆ

ಕೊಡಗಿನ ಐನ್‌ಮನೆಯೊಂದನ್ನು 1:50 ಪ್ರಮಾಣದಲ್ಲಿ ಕಟ್ಟುವ ಕೆಲಸ ಚಾವಣಿಯವರೆಗೆ ಬಂದು ನಿಂತಿದೆ. ಹಿಂದಿನ ಸಲ ಬರೆದಾಗ ಕೈಯಲ್ಲಿದ್ದದ್ದು ಗೋಡೆಗಳ ನಕ್ಷೆ ಮಾತ್ರ. ಆಮೇಲೆ ಮಡಿಕೇರಿಗೂ ಕಕ್ಕಬ್ಬೆ ಕಡೆಯ ಹಳ್ಳಿಗಳಿಗೂ ಹೋಗಿ ಬಂದೆ. ಬಂದವನು ಆ ನಕ್ಷೆಯನ್ನು ಕಪಾಟಿಗೆ ಸೇರಿಸಿ, ಊಟದ ಮೇಜಿನ ಮೇಲೆ ಒಂದು ಗುಡ್ಡದ ಇಳಿಜಾರನ್ನು ಕಟ್ಟತೊಡಗಿದೆ. ಮನೆಯವರೆಲ್ಲ ಈಗ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದೇವೆ. ಬೆನ್ನಿಗೆ ಒಳ್ಳೆಯದು ಎಂದು ನಾನು ಹೇಳುತ್ತಿದ್ದೇನೆ. ಒಪ್ಪಿದವರು ಯಾರೂ ಇಲ್ಲ.

ಐನ್‌ಮನೆ ಎಂದರೆ ಒಂದು ಒಕ್ಕದ ಮೂಲಮನೆ. ಒಬ್ಬನೇ ಮೂಲಪುರುಷನಿಂದ ಬಂದವರೆಲ್ಲ ಆ ಒಕ್ಕಕ್ಕೆ ಸೇರಿದವರು. ಮಕ್ಕಳು ಮೊಮ್ಮಕ್ಕಳು ಬೆಂಗಳೂರು, ಮೈಸೂರು ಎಂದು ಚದುರಿದ್ದರೂ ಸುಗ್ಗಿಯ ಹಬ್ಬವಾದ ಪುತ್ತರಿಗೆ ಹೊಸ ಕದಿರು ಬರುವುದು ಈ ಮನೆಗೇ. ನಾನು ಅಳತೆ ತೆಗೆದದ್ದು ನನ್ನ ಸಹೋದ್ಯೋಗಿಯೊಬ್ಬರ ಒಕ್ಕದ ಮನೆಯನ್ನು. ಈಗ ಅಲ್ಲಿ ಅವರ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ ಇದ್ದಾರೆ. ಮನೆಯ ಹೆಸರಾಗಲಿ ಊರಿನ ಹೆಸರಾಗಲಿ ಬರೆಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಆದ್ದರಿಂದ ಕಕ್ಕಬ್ಬೆಯ ಕಡೆ ಎಂದಷ್ಟೇ ಹೇಳುತ್ತೇನೆ.

ಮೊದಲು ಮಡಿಕೇರಿ. ಕೊಡಗಿಗೆ ರೈಲು ಇಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ರಾತ್ರಿ ಬಸ್ ಹಿಡಿದರೆ ಕುಶಾಲನಗರ ದಾಟಿದ ಮೇಲೆ ತಿರುವುಗಳು ಶುರುವಾಗಿ ನಿದ್ದೆ ತಾನಾಗಿಯೇ ಹಾರಿಹೋಗುತ್ತದೆ. ಮಡಿಕೇರಿ ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಕಟ್ಟಿಸಿದ ಊರು. ಕೋಟೆಯೊಳಗಿನ ಅರಮನೆಯನ್ನೂ ಅಂಗಳದಲ್ಲಿರುವ ಗಾರೆಯ ಆನೆಗಳನ್ನೂ ನೋಡಿಕೊಂಡು ಕೆಳಗಿಳಿದು ಓಂಕಾರೇಶ್ವರ ದೇವಸ್ಥಾನಕ್ಕೆ ಹೋದೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರುಗಳಂಥ ಗೋಪುರಗಳು, ಎದುರಿಗೆ ಕೊಳ. ಚೆಲುವಾದ ಕಟ್ಟಡವೇ. ಆದರೆ ಅರಮನೆಯಾಗಲಿ ದೇವಸ್ಥಾನವಾಗಲಿ ನನ್ನ ಕೆಲಸಕ್ಕೆ ಹೆಚ್ಚು ಒದಗಲಿಲ್ಲ. ರಾಜರು ನೆಲವನ್ನು ಸಮಮಾಡಿಸಿ ಕಟ್ಟಿಸಬಲ್ಲವರು. ನನಗೆ ಬೇಕಾಗಿದ್ದದ್ದು ನೆಲ ಹೇಳಿದಂತೆ ಕೇಳಿದ ಮನೆ.

ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆ ಸೇರಿದ ದಿನ ನಾಲ್ಕುನಾಡು ಅರಮನೆಯನ್ನು ನೋಡಿದೆ. ಅರಮನೆ ಇರುವುದು ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ (1,748 ಮೀಟರ್) ಬೆಟ್ಟದ ಬುಡದಲ್ಲಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಎರಡಂತಸ್ತು, ಕೆತ್ತನೆಯ ಮರಗೆಲಸ, ಮುಂದೊಂದು ಮಂಟಪ. ಇದು ಅರಮನೆಯೇ ಆದರೂ ಮಡಿಕೇರಿಯದಕ್ಕಿಂತ ಹಳ್ಳಿಯ ದೊಡ್ಡ ಮನೆಗಳಿಗೇ ಹತ್ತಿರದ ಕಟ್ಟಡ. ಮರದ ಕಂಬಗಳ ಬುಡವನ್ನು ಇಲ್ಲಿ ಸಾವಕಾಶವಾಗಿ ನೋಡಲು ಸಿಕ್ಕಿದ್ದು ಆಮೇಲೆ ಉಪಯೋಗಕ್ಕೆ ಬಂತು.

ಮರುದಿನ ಬೆಳಿಗ್ಗೆ ಐನ್‌ಮನೆ. ರಸ್ತೆಯಲ್ಲಿ ನಿಂತರೆ ಮನೆ ಇದೆ ಎನ್ನುವುದಕ್ಕೆ ಗುರುತೇ ಇಲ್ಲ. ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ನಡುವೆ ಕಿರಿದಾದ ಓಣಿ. ಓಣಿ ಬಾಗುತ್ತದೆ, ಏರುತ್ತದೆ, ಮತ್ತೆ ಬಾಗುತ್ತದೆ. ಕೊನೆಯ ತಿರುವು ಕಳೆದಾಗ ಕಣ, ಅದರಾಚೆ ಮೆಟ್ಟಿಲು, ಮೆಟ್ಟಿಲ ಮೇಲೆ ಮನೆ. ಮನೆಯ ಮುಖ ಪೂರ್ವಕ್ಕೆ; ಎದುರಿಗೆ ತಗ್ಗಿನಲ್ಲಿ ಗದ್ದೆಯ ಬಯಲು, ಬೆನ್ನಿಗೆ ಕಾಫಿ, ಅದರ ಮೇಲೆ ಬಾಣೆಯ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಮೀನಿನ, ಕಾಡು. ಹೊರಡುವ ಮೊದಲೇ ಸಹೋದ್ಯೋಗಿ ಎಚ್ಚರಿಸಿದ್ದರು: “ಓಣಿ ಬಿಟ್ಟು ಮನೆ ಮಾತ್ರ ಮಾಡಿದರೆ ಅದು ನಮ್ಮ ಮನೆಯಲ್ಲ, ಯಾವುದೋ ಹೋಮ್‌ಸ್ಟೇ.” ಅಲ್ಲಿ ನಿಂತಾಗ ಅವರ ಮಾತು ಪೂರ್ತಿ ಅರ್ಥವಾಯಿತು. ಓಣಿ ಮನೆಯನ್ನು ಮರೆಮಾಡುತ್ತದೆ, ಬರುವವರನ್ನು ಒಬ್ಬೊಬ್ಬರಾಗಿ ಬರಮಾಡುತ್ತದೆ. ಕಣದ ಅಂಚಿನಲ್ಲಿ ಕುಳಿತವರಿಗೆ ಬಂದವರ ತಲೆ ಮೊದಲು ಕಾಣುತ್ತದೆ, ಮುಖ ಆಮೇಲೆ.

ಹಾಗಾಗಿ ಗೋಡೆಗಿಂತ ಮೊದಲು ನೆಲದ ಅಳತೆ ತೆಗೆದೆ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ, ನಡುವಿನ ಎತ್ತರದ ಅಂತರವೇ 20 ಮೀಟರ್. ಇಡೀ ಮನೆ, ಕಣ, ಗದ್ದೆ ಎಲ್ಲವೂ ಎರಡು ಗೆರೆಗಳ ನಡುವೆ ಮಾಯವಾಗಿಬಿಡುತ್ತವೆ. ಗಾರೆ ಕೆಲಸದವರು ಬಳಸುವ ಟ್ಯೂಬ್ ಲೆವೆಲ್ಲೇ ಗತಿ ಎಂದು ಹತ್ತು ಮೀಟರ್ ಪಾರದರ್ಶಕ ಕೊಳವೆ ಒಯ್ದಿದ್ದೆ. ನೀರು ತುಂಬಿಸಿ, ಗುಳ್ಳೆ ಹೋಗುವವರೆಗೆ ಕಾದು, ಒಂದು ತುದಿಯನ್ನು ದೊಡ್ಡಪ್ಪನವರ ಕೈಗೆ ಕೊಟ್ಟೆ. ಅವರು ಕೊಳವೆಯನ್ನು ಕಂಬಕ್ಕೆ ಒತ್ತಿ ಹಿಡಿದು, “ನೀವು ಕೆಳಗೆ ಹೋಗಿ, ನಾನು ಅಲ್ಲಾಡುವುದಿಲ್ಲ” ಎಂದರು. ನಿಜಕ್ಕೂ ಅಲ್ಲಾಡಲಿಲ್ಲ. ಕಣದಿಂದ ಗದ್ದೆಯ ಬದುವಿಗೆ ನಾಲ್ಕೂವರೆ ಮೀಟರ್ ಇಳಿತ ಬಂತು. ನನ್ನ ಪ್ರಮಾಣದಲ್ಲಿ ಅದು ಒಂಬತ್ತು ಸೆಂಟಿಮೀಟರ್. ಐದು ಮಿಲಿಮೀಟರ್ ದಪ್ಪದ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಾಳೆಯ ಹದಿನೆಂಟು ಪದರ.

ಮನೆಯೊಳಗಿನ ಕೆಲಸ ಬೇಗ ಸಾಗಿತು. ಮುಂದೆ ಕೈಯಾಲೆ, ಅಂದರೆ ಜಗಲಿ. ಕಂಬದಿಂದ ಕಂಬಕ್ಕೆ ಐಮರ ಎಂಬ ದಪ್ಪ ಹಲಗೆ, ಹಿರಿಯರು ಕೂರುವ ಜಾಗ. ಅದನ್ನು ಬಹಳ ಹೊತ್ತು ನೋಡಿದೆ. ಒಂದೇ ಮರದ ಹಲಗೆ. ನಡುಭಾಗ ಕುಳಿತು ಕುಳಿತು ಅರ್ಧ ಬೆರಳಿನಷ್ಟು ತಗ್ಗಿದೆ, ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಬಲಗಡೆಯ ಅಂಚಿನಲ್ಲಿ ಮಾತ್ರ ಅಡಕತ್ತರಿ ಊರಿದ ಸಣ್ಣ ಗಾಯಗಳ ಸಾಲು. ಅಡಕೆ ಕತ್ತರಿಸುತ್ತಿದ್ದವರು ಯಾವ ಕಂಬಕ್ಕೆ ಒರಗುತ್ತಿದ್ದರು ಎಂಬುದನ್ನೂ ಆ ಸಾಲು ಹೇಳುತ್ತದೆ. ಬಾಗಿಲು ದಾಟಿದರೆ ನೆಲ್ಲಕ್ಕಿ ನಡುಬಾಡೆ, ದೀಪ ಹಚ್ಚುವ ನಡುಮನೆ. ಅದರಾಚೆ ಮುಂಡ್, ಆಕಾಶಕ್ಕೆ ತೆರೆದ ನಡು ಅಂಗಳ. ನಾಲ್ಕೂ ಕಡೆಯ ಚಾವಣಿ ಅದರತ್ತ ಇಳಿಯುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಅಂಥ ನಾಡಿನಲ್ಲಿ ಮನೆಯ ನಡುವೆಯೇ ಮಳೆಯನ್ನು ಇಳಿಸಿಕೊಳ್ಳುವುದೆಂದರೆ ಧೈರ್ಯವೇ. ಗುಟ್ಟು ಇರುವುದು ಅಂಗಳದ ಮೂಲೆಯ ಕಲ್ಲಿನ ಮೋರಿಯಲ್ಲಿ. ಅದು ಒಂದು ಪಕ್ಕದ ಕೋಣೆಯ ನೆಲದಡಿ ಹಾದು ಇಳಿಜಾರಿನ ಕಡೆ ಹೊರಬೀಳುತ್ತದೆ, ಅಲ್ಲಿಂದ ನೀರು ನೇರವಾಗಿ ಗದ್ದೆಗೆ. ಸಮತಟ್ಟಾದ ಪ್ಲೈವುಡ್ ಮೇಲೆ ಈ ಮನೆಯನ್ನು ಇಟ್ಟರೆ ಆ ಮೋರಿಗೆ ಹೋಗಲು ದಾರಿಯೇ ಇರುವುದಿಲ್ಲ. ಅಂಗಳ ಎಲ್ಲಿರಬೇಕು, ಅಡುಗೆಮನೆ ಯಾವ ಕಡೆ, ಮೆಟ್ಟಿಲು ಎಷ್ಟು ಎಂಬುದನ್ನೆಲ್ಲ ಇಳಿಜಾರು ಮೊದಲೇ ತೀರ್ಮಾನಿಸಿದೆ.

ದಾರಿಯುದ್ದಕ್ಕೂ ಇದರ ತದ್ವಿರುದ್ಧವೂ ಕಾಣಿಸುತ್ತದೆ: ಗುಡ್ಡವನ್ನು ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಮುಂದೆ ತಳ್ಳಿ, ಅದರ ಮೇಲೆ ಎದ್ದ ಕಾಂಕ್ರೀಟು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಕುಸಿದಾಗ, ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಹೀಗೆ ಕತ್ತರಿಸಿದ್ದನ್ನೂ ಭೂವಿಜ್ಞಾನಿಗಳು ಕಾರಣವಾಗಿ ಎತ್ತಿ ತೋರಿಸಿದ್ದರು. ದೊಡ್ಡಪ್ಪನವರು ಆ ಮಾತಿಗೆ ಹೆಚ್ಚೇನೂ ಹೇಳಲಿಲ್ಲ. “ನಮ್ಮ ಹಿರಿಯರ ಹತ್ತಿರ ಜೆಸಿಬಿ ಇರಲಿಲ್ಲ” ಎಂದರು, ಅಷ್ಟೇ.

ಕನ್ನಿಕೊಂಬರೆ ಹಿರಿಯರ ಕೋಣೆ. ಅದರೊಳಗೆ ಅಳತೆ ಬೇಡ, ಫೋಟೋ ಬೇಡ ಎಂದು ದೊಡ್ಡಮ್ಮ ಮೊದಲೇ ಹೇಳಿದ್ದರು. ಮಾದರಿಯಲ್ಲಿ ಚಾವಣಿಯ ಒಂದೊಂದು ಭಾಗವನ್ನೂ ಎತ್ತಿ ಒಳಗೆ ನೋಡಬಹುದು. ಆ ಮೂಲೆಯ ಭಾಗವನ್ನು ಮಾತ್ರ ಅಂಟಿಸಿಬಿಡುತ್ತೇನೆ. ಕೋಣೆಗೆ ಬಾಗಿಲು ಇರುತ್ತದೆ, ಅದು ಮುಚ್ಚಿರುತ್ತದೆ. ಮನೆಯಾಚೆ ಇರುವ ಕೈಮಡವನ್ನು, ಅಂದರೆ ಒಕ್ಕದ ಮೂಲಪುರುಷನಾದ ಕಾರಣವನ ಗುಡಿಯನ್ನು, ಹೊರಗಿನಿಂದ ಕಂಡಷ್ಟು ಮಾಡಬಹುದು ಎಂದು ಒಪ್ಪಿದ್ದಾರೆ.

ಇನ್ನು ಬೆಂಗಳೂರಿನ ಮೇಜಿನ ಕಥೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಿಂದ 120 × 75 ಸೆಂಟಿಮೀಟರ್ ಪ್ಲೈವುಡ್ ತಂದೆ. ಓಣಿಯನ್ನು ಪೂರ್ತಿ ತೋರಿಸಿದರೆ ಅದು ಹಜಾರ ದಾಟಿ ಬಾಲ್ಕನಿಗೆ ಹೋಗುತ್ತದೆ. ಕೊನೆಯ ಮೂವತ್ತು ಮೀಟರ್, ಅಂದರೆ 60 ಸೆಂಟಿಮೀಟರ್ ಸಾಕು, ತಿರುವು ಅದರಲ್ಲೇ ಇದೆ. ಸನ್‌ಬೋರ್ಡಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲಿನಂತೆ ಕಾಣುವ ಅಂಚುಗಳನ್ನು ವಾಲ್ ಪುಟ್ಟಿಯಿಂದ ತುಂಬಿದೆ. ಬಣ್ಣ ಹಚ್ಚಲಿಲ್ಲ. ಕೇಳಿಯೇ ತಂದ ಒಂದು ಪೊಟ್ಟಣ ಮಣ್ಣನ್ನು ಬಿಸಿಲಲ್ಲಿ ಒಣಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿದೆ. ಯಾವ ಡಬ್ಬಿಯ ಕೆಂಪೂ ಆ ಕೆಂಪಿಗೆ ಸಮನಾಗುವುದಿಲ್ಲ. ಚಹಾಕ್ಕೆ ಹೊಸ ಜಾಲರಿ ತಂದಿಟ್ಟಿದ್ದೇನೆ.

ಕಂಬಗಳಿಗೆ ತೇಗದ ಬೀಡಿಂಗ್ ಪಟ್ಟಿ ಸಾಕಾಯಿತು. ಮುಂಬಾಗಿಲಿನ ಚೌಕಟ್ಟಿನ ಹೂಬಳ್ಳಿ ಕೆತ್ತನೆಯನ್ನು ಮಾತ್ರ ಬಿಟ್ಟುಬಿಟ್ಟೆ. ಈ ಪ್ರಮಾಣದಲ್ಲಿ ಬಾಗಿಲಿನ ಎತ್ತರವೇ ಮೂರೂವರೆ ಸೆಂಟಿಮೀಟರ್; ಅದರ ಮೇಲೆ ಸೂಜಿಯಲ್ಲಿ ಗೀಚಿ ಕೆತ್ತನೆ ಎನ್ನುವುದಕ್ಕಿಂತ ಬೋಳು ಬಾಗಿಲೇ ಮೇಲು. ಆ ಚೌಕಟ್ಟನ್ನು ಬೇರೆಯಾಗಿ, 1:10ರಲ್ಲಿ, ಒಬ್ಬ ನಿಜವಾದ ಕೆತ್ತನೆಗಾರರಿಂದ ಮಾಡಿಸುವ ಆಸೆ ಇದೆ.

ಹೆಂಚಿನ ಸಮಸ್ಯೆ ಬಗೆಹರಿದದ್ದು ಪಿಜ್ಜಾ ಡಬ್ಬಿಯಿಂದ. ಹಿಂದೆ ಹುಲ್ಲು ಹೊದಿಸುತ್ತಿದ್ದ ಇಂಥ ಮನೆಗಳಿಗೆ ಮಂಗಳೂರು ಹೆಂಚು ಆಮೇಲೆ ಬಂದದ್ದು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹೊದಿಸಿದ ಮೇಲೆ ಒಂದು ಹೆಂಚಿನಲ್ಲಿ ಕಾಣುವ ಭಾಗ ಸುಮಾರು 20 ಸೆಂಟಿಮೀಟರ್ ಅಗಲ, 32 ಸೆಂಟಿಮೀಟರ್ ಉದ್ದ. ನನಗೆ ಅದು ನಾಲ್ಕು ಮಿಲಿಮೀಟರ್, ಆರೂವರೆ ಮಿಲಿಮೀಟರ್. ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆಯ ಅಲೆಗಳು ತೀರಾ ಅಗಲ. ಪಿಜ್ಜಾ ಡಬ್ಬಿಯ ರಟ್ಟಿನದು ಮೂರೂವರೆ ಮಿಲಿಮೀಟರ್ ಚಿಲ್ಲರೆ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಮೇಲಿನ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಸುಲಿದು, ಅಲೆಗಳು ಇಳಿಜಾರಿನ ದಿಕ್ಕಿಗೇ ಬರುವಂತೆ ಇಟ್ಟು, ಎಂಟು ಮಿಲಿಮೀಟರ್ ಪಟ್ಟಿಗಳಾಗಿ ಕತ್ತರಿಸಿ, ಸೂರಿನಿಂದ ಮೇಲಕ್ಕೆ ಒಂದರ ಮೇಲೊಂದು ಒಂದೂವರೆ ಮಿಲಿಮೀಟರ್ ಏರಿಸುತ್ತ ಅಂಟಿಸಬೇಕು. ಸುಲಿಯುವಾಗ ನೀರು ಹೆಚ್ಚಾದರೆ ಅಲೆಯೇ ಮಲಗಿಬಿಡುತ್ತದೆ. ಹೊರಗಿನ ಇಳಿಜಾರಿಗೆ ಇಪ್ಪತ್ತೆರಡು ಸಾಲು. ಅಂಗಳದ ಕಡೆಯದಕ್ಕೆ ಕಡಿಮೆ. ಪೂರ್ವ, ದಕ್ಷಿಣ ಮುಗಿದಿವೆ. ಎರಡು ಇಳಿಜಾರು ಸೇರುವ ತಗ್ಗುಮೂಲೆಗಳಲ್ಲಿ ಪಟ್ಟಿಯನ್ನು ಓರೆಯಾಗಿ ಕತ್ತರಿಸುವುದೇ ನಿಧಾನದ ಕೆಲಸ, ಒಂದು ಮೂಲೆಗೆ ಒಂದು ಭಾನುವಾರ ಹೋಗುತ್ತದೆ. ಬಣ್ಣಕ್ಕೆ ಮೊದಲು ಇಟ್ಟಿಗೆಗೆಂಪು, ಒಣಗಿದ ಮೇಲೆ ತೆಳುವಾದ ಕಪ್ಪುಗಂದು, ಉತ್ತರದ ಕಡೆ ಮಾತ್ರ ಪಾಚಿಯ ಹಸಿರನ್ನು ಒಣ ಕುಂಚದಲ್ಲಿ ತಾಗಿಸಿದರೆ ಸಾಕು.

ಮುಂದಿನದು ತೋಟ. ಕಾಫಿ ಗಿಡ ಮೂರು ಸೆಂಟಿಮೀಟರ್ ಎತ್ತರ, ಅದಕ್ಕೆ ಸ್ಪಂಜಿನ ಚೂರುಗಳು ಆಗುತ್ತವೆ. ತೊಡಕು ಸಿಲ್ವರ್ ಓಕ್‌ನದು. ಮನೆಯ ಹಿಂದಿನ ಮರಗಳು ಇಪ್ಪತ್ತೈದು ಮೀಟರಿಗೆ ಕಡಿಮೆಯಿಲ್ಲ. ಮಾದರಿಯಲ್ಲಿ ಅರ್ಧ ಮೀಟರ್, ಮನೆಗಿಂತ ಎಷ್ಟೋ ಎತ್ತರ. ಗಿಡ್ಡ ಮಾಡಿದರೆ ನೆರಳೆಲ್ಲ ಸುಳ್ಳಾಗುತ್ತದೆ, ಸರಿಯಾದ ಎತ್ತರಕ್ಕೆ ಮಾಡಿದರೆ ಗಾಜಿನ ಪೆಟ್ಟಿಗೆ ಮುಚ್ಚುವುದಿಲ್ಲ. ನನ್ನ ಒಲವು ಪೆಟ್ಟಿಗೆಯನ್ನು ಕೈಬಿಡುವ ಕಡೆಗೆ. ಕಾಂಡಕ್ಕೆ ತಂತಿಯ ಹುರಿ, ತೊಗಟೆಗೆ ಟಿಶ್ಯೂ ಕಾಗದ. ಅದರ ಮೇಲೆ ಹಬ್ಬಿಸಬೇಕಾದ ಮೆಣಸಿನ ಬಳ್ಳಿಯ ಎಲೆಗೆ, ಎರಡು ಮಿಲಿಮೀಟರ್ ಅಗಲದ ಸಾವಿರಾರು ಎಲೆಗಳಿಗೆ, ಏನು ಬಳಸಬಹುದು ಎಂದು ಹುಡುಕುತ್ತಿದ್ದೇನೆ. ಒಣ ಕರಿಬೇವನ್ನು ಪುಡಿಮಾಡಿ ನೋಡಿದೆ. ವಾಸನೆ ಹಿತವಾಗಿದೆ, ಬಣ್ಣ ನಿಲ್ಲುತ್ತಿಲ್ಲ.