ಜುಲೈನಲ್ಲಿ ಸ್ವೆಟರ್: ಮಿಶಿಗನ್ ಲೇಕ್ ಕಡೆ ಹೊರಟೋರಿಗೆ

ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದ್ರೆ ಡೆಟ್ರಾಯ್ಟ್ ಕಡೆ ಇರೋ ನಮ್ಮೋರೆಲ್ಲ ಜುಲೈನಲ್ಲಿ ಟ್ರಾವರ್ಸ್ ಸಿಟಿ, ಮ್ಯಾಕಿನಾ ಐಲ್ಯಾಂಡ್ ಅಂತ ಹೊರಡೋದು ಮಾಮೂಲು. ಏನೇನು ನೋಡ್ಬೇಕು ಅನ್ನೋ ಲಿಸ್ಟ್ ಎಲ್ಲಾ ಕಡೆ ಸಿಗತ್ತೆ, ನಾನು ಹೇಳ್ತಿರೋದು ಅದಲ್ಲ. ಮಧ್ಯದಲ್ಲಿ ಕೋಲ್ಡ್ ಫ್ರಂಟ್, ಅಂದ್ರೆ ಬಿಸಿಗಾಳಿ ಇರೋ ಕಡೆ ನುಗ್ಗೋ ತಣ್ಣನೆ ಗಾಳಿಯ ಅಂಚು, ಬಂದು ಹೊಡೆದ್ರೆ ಏನ್ ಮಾಡ್ಬೇಕು ಅಂತ ಯಾರೂ ಬರೆದಿಲ್ಲ, ಅದಕ್ಕೆ ಇದು.

ನಾವು ಟ್ರಾವರ್ಸ್ ಸಿಟಿ ತಲುಪಿದಾಗ 91 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮೂರ ಲೆಕ್ಕದಲ್ಲಿ 33, ಒಂದೇ ಸಮ ಬೆವರು, ಬೀಚಲ್ಲಿ ಟವೆಲ್ ಹಾಸೋಕೂ ಜಾಗ ಇಲ್ಲ. ಸಾಯಂಕಾಲ ಪಶ್ಚಿಮದ ಕಡೆ ಆಕಾಶ ಕಪ್ಪಾಯ್ತು, ಅಲ್ಲೀತನಕ ನೈಋತ್ಯದಿಂದ ಬೆಚ್ಚಗೆ ಬೀಸ್ತಿದ್ದ ಗಾಳಿ ಒಂದ್ಸಲ ನಿಂತು ವಾಯವ್ಯದಿಂದ ಬೀಸೋಕೆ ಶುರುವಾಯ್ತು, ಅಷ್ಟೇ, ಗುಡುಗು ಮಿಂಚು ಮಳೆ ಎಲ್ಲಾ ಒಟ್ಟಿಗೆ. ಕೆನಡಾ ಕಡೆಯಿಂದ ಬರೋ ತಣ್ಣನೆ ಗಾಳಿ ಭಾರ ಇರತ್ತಲ್ಲ, ಅದು ಕೆಳಗಿಂದ ನುಗ್ಗಿ ತೇವದ ಬಿಸಿಗಾಳೀನ ಮೇಲಕ್ಕೆ ಎತ್ತಿ ಎಸೆಯತ್ತೆ, ಆ ಗೆರೆಯುದ್ದಕ್ಕೂ ಮಳೆ. ಬೆಳಿಗ್ಗೆ ನೋಡಿದ್ರೆ 60 ಡಿಗ್ರಿ, ನಮ್ಮೂರ ಲೆಕ್ಕದಲ್ಲಿ 16ರ ಹತ್ರ. ನಮ್ಮತ್ತೆ ತೀರ್ಥಹಳ್ಳಿಯವ್ರು, ಮಳೆ ಅವರಿಗೆ ಯಾವ ಲೆಕ್ಕ, ಆದ್ರೂ "ಇದೆಂಥದೇ ಮಾರಾಯ್ತಿ, ನಿನ್ನೆ ಫ್ಯಾನ್ ಬೇಕಿತ್ತು, ಇವತ್ತು ಕಂಬಳಿ" ಅಂದ್ರು.

ಆ ಕಂಬಳಿ ಕಥೆಗೆ ಬರ್ತೀನಿ. ನಾವಿದ್ದ ಮೋಟೆಲ್ ಹೆಸರು ಬೇಡ ಬಿಡಿ, ಲೇಕ್ ವ್ಯೂ ಅಂತ ರಾತ್ರಿಗೆ ಇನ್ನೂರ ಎಂಬತ್ತು ಡಾಲರ್ ಕಿತ್ಕೊಂಡ್ರು, ಅದರ ಮೇಲೆ ರೆಸಾರ್ಟ್ ಫೀ ಅಂತೆ, ರೆಸಾರ್ಟ್ ಎಲ್ಲಿದೆ ಅಂತ ಮಾವ ನಮ್ಮನೆಯವ್ರ ಹತ್ರ ಕೇಳಿದ್ರು, ಇವ್ರು ಸುಮ್ನೆ ನಕ್ಕರು. ಲೇಕ್ ಕಾಣ್ಬೇಕಿದ್ರೆ ಬಾತ್‌ರೂಮ್ ಕಿಟಕೀಲಿ ಕತ್ತು ಹೊರಳಿಸ್ಬೇಕು. ಅದನ್ನಾದ್ರೂ ಸಹಿಸ್ಕೋಬಹುದು, ಚಳಿ ಶುರು ಆದ್ಮೇಲೆ ಹೀಟರ್ ಹಾಕೋಣ ಅಂದ್ರೆ ಗೋಡೆ ಯೂನಿಟ್ಟು ಬರೀ ತಣ್ಣನೆ ಗಾಳಿ ಬಿಡತ್ತೆ. ಕೇಳಿದ್ರೆ ಬೇಸಿಗೇಲಿ ಹೀಟಿಂಗ್ ಆಫ್ ಮಾಡಿರ್ತೀವಿ ಅಂದ್ರು. ಎಕ್ಸ್‌ಟ್ರಾ ಕಂಬಳಿ ಕೇಳಿದ್ದಕ್ಕೆ ತೆಳ್ಳಗಿಂದು ಒಂದು ಕೊಟ್ರು, ನಾಲ್ಕು ಜನಕ್ಕೆ. ಕ್ಯಾನ್ಸಲ್ ಮಾಡೋಣ ಅಂದ್ರೆ ದುಡ್ಡು ವಾಪಸ್ ಇಲ್ಲ. ವಯಸ್ಸಾದೋರು ಜೊತೆಗಿದ್ರೆ ರೂಮ್ ಬುಕ್ ಮಾಡೋಕೆ ಮುಂಚೆ ಫೋನ್ ಮಾಡಿ ಹೀಟರ್ ಕೆಲಸ ಮಾಡತ್ತಾ ಅಂತ ಕೇಳಿ, ಜುಲೈ ಆಗಿದ್ರೂ ಕೇಳಿ, ಅವರು ನಗಲಿ ಪರವಾಗಿಲ್ಲ.

ಮಳೆ ದಿನಾನ ರೂಮಲ್ಲಿ ಕೂತು ಕಳೀಬೇಡಿ, ಡ್ರೈವ್‌ಗೆ ಇಟ್ಕೊಳ್ಳಿ. ನಾವು ಮ್ಯಾಕಿನಾ ಬ್ರಿಡ್ಜ್ ದಾಟಿ ಸೇಂಟ್ ಇಗ್ನೇಸ್ ಊರಿಗೆ ಹೋದ್ವಿ, ಬ್ರಿಡ್ಜ್ 1957ರಲ್ಲಿ ಓಪನ್ ಆಗಿದ್ದು, ಐದು ಮೈಲಿ ಉದ್ದ, ಕಾರಿಗೆ ನಾಲ್ಕು ಡಾಲರ್ ಟೋಲ್. ಗಾಳಿ ಜಾಸ್ತಿ ಇದ್ರೆ ನಿಧಾನ ಹೋಗಿ ಅಂತ ಬೋರ್ಡ್ ಹಾಕ್ತಾರೆ, ಹಾಗೇ ಹೋಗಿ. ಆ ಕಡೆ ಹೈವೇ ಪಕ್ಕ ಒಂದು ಸಣ್ಣ ಪೇಸ್ಟಿ ಅಂಗಡಿ ಸಿಕ್ತು ನೋಡಿ, ಇಡೀ ಟ್ರಿಪ್ಪಲ್ಲಿ ದುಡ್ಡು ಕೊಟ್ಟಿದ್ದಕ್ಕೆ ಖುಷಿಯಾದ ಜಾಗ ಅದೊಂದೇ. ಕೇಕ್ ಪೇಸ್ಟ್ರಿ ಅಲ್ಲ ಇದು, ನಮ್ಮ ಕರಿಗಡುಬನ್ನ ಅಂಗೈಗಿಂತ ದೊಡ್ಡದಾಗಿ ಮಾಡಿ ಬೇಕ್ ಮಾಡಿದ ಹಾಗಿರತ್ತೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತಾಮ್ರದ ಗಣಿ ಕೆಲಸಕ್ಕೆ ಬಂದೋರು ತಂದಿದ್ದಂತೆ, ಗಣಿ ಒಳಗೆ ಬುತ್ತಿ ಅದೇ. ಮಾಮೂಲಿ ಪೇಸ್ಟೀಲಿ ಬೀಫ್ ಇರತ್ತೆ ಹುಷಾರು, ವೆಜ್ ಅಂತ ಬಿಡಿಸಿ ಹೇಳಿ, ಹಿಟ್ಟಿಗೆ ಹಂದಿ ಕೊಬ್ಬು ಹಾಕ್ತೀರಾ ಅಂತಾನೂ ಕೇಳಿ. ನಾವು ಕೇಳಿದ್ವಿ, ಇಲ್ಲಿ ಹಾಕಲ್ಲ ಅಂದ್ರು ಅಂಗಡಿ ಅಜ್ಜಿ, ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್, ರುಟಬೇಗ ಅನ್ನೋ ಒಂಥರಾ ಗಡ್ಡೆ, ಅಷ್ಟೇ ಒಳಗೆ. ಹತ್ತು ಡಾಲರ್ ಒಳಗೆ ಒಂದು, ಒಂದು ತಿಂದ್ರೆ ರಾತ್ರಿ ತನಕ ಹೊಟ್ಟೆ ಕೇಳಲ್ಲ. ಹೊರಗೆ ಮಳೆ, ಒಳಗೆ ಓವನ್ನಿನ ಶಾಖ, ಮುರಿದ್ರೆ ಹಬೆ ಏಳತ್ತೆ. ಖಾರ ಮಾತ್ರ ಸೊನ್ನೆ, ಅತ್ತೆ ಬ್ಯಾಗಿಂದ ಚಟ್ನಿಪುಡಿ ಡಬ್ಬ ತೆಗೆದ್ರು, ಅಜ್ಜಿನೂ ಒಂಚೂರು ರುಚಿ ನೋಡಿ ನೀರು ಕುಡಿದ್ರು. ಕೆಚಪ್ಪಾ ಗ್ರೇವಿನಾ ಅಂತ ಪಕ್ಕದ ಟೇಬಲ್‌ನೋರು ಜಗಳ ಆಡ್ತಿದ್ರು, ಎರಡೂ ಬೇಡ.

ಐಲ್ಯಾಂಡ್‌ಗೆ ಹೋಗೋ ಫೆರೀಲಿ ಮೇಲಿನ ಡೆಕ್ ಚೆನ್ನಾಗಿರತ್ತೆ ಅಂತ ಎಲ್ರೂ ಹೇಳ್ತಾರೆ, ಫ್ರಂಟ್ ಹೋದ ಮಾರನೇ ದಿನ ಬೇಡ, ಅಲೆ ಚಿಮ್ಮಿ ಒದ್ದೆಯಾಗ್ತೀರ. 1898ರಿಂದ ಅಲ್ಲಿ ಮೋಟಾರು ಗಾಡಿ ನಿಷೇಧ, ಎಲ್ಲ ಕುದುರೆ, ಸೈಕಲ್. ಕೇಳೋಕೆ ಚೆನ್ನಾಗಿದೆ, ಮಳೆ ಬಿದ್ಮೇಲೆ ಮೇನ್ ಸ್ಟ್ರೀಟ್ ತುಂಬ ಲದ್ದಿ ರಾಡಿ, ಬಿಳಿ ಶೂ ಹಾಕ್ಕೊಂಡು ಹೋಗ್ಬೇಡಿ. ಸೈಕಲ್ ತಗೊಂಡು ದ್ವೀಪ ಸುತ್ತೋ ರೋಡ್ ಎಂಟು ಮೈಲಿ, ವಾಯವ್ಯದ ಗಾಳಿ ಇದ್ರೆ ಮೊದಲು ಪೂರ್ವಕ್ಕೆ, ಆರ್ಚ್ ರಾಕ್ ಅನ್ನೋ ಕಮಾನಿನ ಬಂಡೆ ಕಡೆ ಹೊರಡಿ, ಗುಡ್ಡ ಅಡ್ಡ ಇರತ್ತೆ, ವಾಪಸ್ ಬರ್ತಾ ಗಾಳಿ ಬೆನ್ನಿಗೆ. ಉಲ್ಟಾ ಹೋದೋರು ಎದುರಿಗೆ ಏದುಸಿರು ಬಿಟ್ಕೊಂಡು ಬರ್ತಿದ್ರು. ಫಡ್ಜ್ ಅನ್ನೋ ಸಿಹಿತಿಂಡಿ ಅಂಗಡಿ ಬಗ್ಗೆ ನನಗೇನೂ ಹೇಳೋಕಿಲ್ಲ, ಜನ, ಕ್ಯೂ, ಸಕ್ಕರೆ.

ಲೇಕ್ ದಡದ ಮರಳು ದಿಬ್ಬಗಳು, ಸ್ಲೀಪಿಂಗ್ ಬೇರ್ ಡ್ಯೂನ್ಸ್, ಅಲ್ಲಿಗೆ ಮಾತ್ರ ಇಂಥ ದಿನಾನೇ ಹೋಗ್ಬೇಕು. ಬಿಸಿಲಲ್ಲಿ ಆ ಮರಳು ಕಾಲು ಸುಡತ್ತೆ, ಫ್ರಂಟ್ ಆದ್ಮೇಲೆ ತಣ್ಣಗೆ ಗಟ್ಟಿಯಾಗಿ ಹತ್ತೋಕೆ ಸಲೀಸು, ಸೆಕೆ ತೊಳೆದು ಹೋಗಿರೋದ್ರಿಂದ ಮ್ಯಾನಿಟೂ ದ್ವೀಪಗಳು ಎದುರಿಗೇ ನಿಂತ ಹಾಗೆ ಕಾಣ್ತವೆ, ಜನಾನೂ ಕಮ್ಮಿ (ನನಗೆ ಅದೇ ಮುಖ್ಯ). ಕರ್ನಾಟಕದ ಮೂರನೇ ಒಂದು ಭಾಗದ ಹತ್ರ ಹತ್ರ ದೊಡ್ಡದು ಈ ಮಿಶಿಗನ್ ಲೇಕ್, ಮಾವ ಉಪ್ಪಿಲ್ವಾ ಅಂತ ಮತ್ತೆ ಮತ್ತೆ ಕೇಳಿದ್ರು. ಅಲ್ಲಿನ ಪಿಯರ್ಸ್ ಸ್ಟಾಕಿಂಗ್ ಡ್ರೈವ್ ಅನ್ನೋ ರಸ್ತೇಲಿ ಒಂಬತ್ತನೇ ಸ್ಟಾಪಿಂದ ನೀರಿಗೆ 450 ಅಡಿ ಇಳಿಜಾರು. ಮೇಲಿಂದ ನೋಡಿ, ಸಾಕು. ಇಳಿಯೋದು ಕ್ಷಣ, ಹತ್ತೋಕೆ ಗಂಟೆಗಟ್ಲೆ, ರೆಸ್ಕ್ಯೂ ಕರೆಸಿದ್ರೆ ದುಡ್ಡು ಬೀಳತ್ತೆ ಅಂತ ಬೋರ್ಡೇ ಇದೆ.

ಇನ್ನು ನೀರು. ಫ್ರಂಟ್ ಹೋಯ್ತು, ಬಿಸಿಲು ಬಂದಿದೆ, ಆಕಾಶ ನೀಲಿ ಇದೆ ಅಂತ ಮಕ್ಕಳನ್ನ ಬಿಡ್ಬೇಡಿ. ಉತ್ತರದ ಗಾಳಿ ಈ ಪೂರ್ವ ದಡದ ಬೆಚ್ಚಗಿನ ಮೇಲ್ನೀರನ್ನ ಲೇಕ್ ನಡುವಿಗೆ ತಳ್ಳಿ ಕೆಳಗಿನ ತಣ್ಣೀರನ್ನ ಮೇಲೆ ತರತ್ತೆ, ಹಿಂದಿನ ದಿನ ಹಾಯಾಗಿ ಆಡಿದ ಜಾಗದಲ್ಲೇ ಕಾಲು ಮರಗಟ್ಟತ್ತೆ. ಅಲೆ ಇನ್ನೂ ಇಳಿದಿರಲ್ಲ, ನೀರೊಳಗೆ ಚಾಚಿರೋ ಕಲ್ಲಿನ ಕಟ್ಟೆ (ಪಿಯರ್) ಪಕ್ಕ ಸೆಳೆತ ಜೋರು. ಸ್ಟೇಟ್ ಪಾರ್ಕ್ ಬೀಚಲ್ಲಿ ಲೈಫ್‌ಗಾರ್ಡ್ ಇರಲ್ಲ, ಬಾವುಟ ಮಾತ್ರ, ಎರಡು ಕೆಂಪು ಇದ್ರೆ ನೀರಿಗೆ ಇಳಿಯೋ ಹಾಗೇ ಇಲ್ಲ. ಫೋನಲ್ಲಿ ಮೋಡದ ಚಿತ್ರ ನೋಡೋ ಬದಲು ನ್ಯಾಷನಲ್ ವೆದರ್ ಸರ್ವೀಸ್ ಸೈಟಲ್ಲಿ ಗಂಟೆ ಗಂಟೆಗೆ ಗಾಳಿ ದಿಕ್ಕು, ಅಲೆ ಎತ್ತರ ನೋಡಿ, ಗಾಳಿ ಯಾವಾಗ ತಿರುಗತ್ತೆ ಅಂತ ಗೊತ್ತಾದ್ರೆ ಮಳೆ ಎಷ್ಟೊತ್ತಿಗೆ ಅಂತ ಸುಮಾರಾಗಿ ಗೊತ್ತಾಗತ್ತೆ. ಮತ್ತೆ ಛತ್ರಿ ತರ್ಬೇಡಿ, ದಡದ ಗಾಳಿಗೆ ಉಲ್ಟಾ ಆಗತ್ತೆ. ರೈನ್‌ಕೋಟ್ ಮನೆಯಿಂದಾನೇ ತನ್ನಿ, ಐಲ್ಯಾಂಡಲ್ಲಿ ಪ್ಲಾಸ್ಟಿಕ್ ಹಾಳೆಗೆ ಕೇಳೋ ರೇಟಿಗೆ ಇನ್ನೆರಡು ಪೇಸ್ಟಿ ಬರತ್ತೆ.