ಸಿಂಪಿಗೆ ಬೇಕಾಗಿರುವುದು ಸಿಂಪಿಯದೇ ಚಿಪ್ಪು

ಸಿಂಪಿ ಅಂದ ಕೂಡಲೇ ನನಗೆ ನೆನಪಾಗುತ್ತಿದ್ದದ್ದು ಮುತ್ತು. ಸ್ವಾತಿ ಮಳೆಯ ಹನಿ ಬಿದ್ದು ಮುತ್ತಾಗುವ ಕತೆ ನೀವೂ ಕೇಳಿರುತ್ತೀರಿ. ಆದರೆ ಈಚೆಗೆ ನನ್ನ ತಲೆಯಲ್ಲಿ ಕೂತಿರುವುದು ಬೇರೆ ಸಿಂಪಿ. ಜನ ತಿನ್ನುತ್ತಾರಲ್ಲ, ಆ ಆಯ್ಸ್ಟರ್. ಮುತ್ತಿನ ಸಿಂಪಿಗೂ ಇದಕ್ಕೂ ಕುಟುಂಬವೇ ಬೇರೆ. ನೋಡಲು ಒಡೆದ ಕಲ್ಲಿನ ಹಾಗೆ ಒರಟು, ಅಂಕುಡೊಂಕು. ಆದರೆ ಕೊಲ್ಲಿಯ ನೀರಿಗೆ ಇದರ ಉಪಕಾರ ದೊಡ್ಡದು, ಊಟಕ್ಕಾಗಿ ನೀರನ್ನು ಸೋಸಿ ತಿಳಿ ಮಾಡುತ್ತದೆ.

ಇದರ ಬದುಕು ಶುರುವಾಗುವ ರೀತಿ ನೋಡಿ. ಮೊಟ್ಟೆಯಿಂದ ಬಂದ ಮರಿ ಎರಡು ಮೂರು ವಾರ ನೀರಿನಲ್ಲಿ ತೇಲಾಡುತ್ತದೆ. ಆಮೇಲೆ ಕೂರಲು ಗಟ್ಟಿ ಜಾಗ ಬೇಕು. ಕಲ್ಲಾದರೂ ನಡೆಯುತ್ತದೆ, ಆದರೆ ಅದು ಮೊದಲು ಹುಡುಕುವುದು ಇನ್ನೊಂದು ಸಿಂಪಿಯ ಚಿಪ್ಪನ್ನು. ಒಮ್ಮೆ ಅಂಟಿಕೊಂಡರೆ ಸಾಯುವವರೆಗೆ ಅಲ್ಲೇ. ಕೆಸರಿನ ಮೇಲೆ ಬಿದ್ದ ಮರಿ ಹೂತು ಹೋಗಿ ಸಾಯುತ್ತದೆ. ಹೀಗೆ ಅಜ್ಜನ ಚಿಪ್ಪಿನ ಮೇಲೆ ಅಪ್ಪ, ಅಪ್ಪನ ಮೇಲೆ ಮಗ ಕೂತು ಕೂತು (ಅಪ್ಪ ಅನ್ನುವುದೂ ಕಷ್ಟ ಬಿಡಿ, ಎಷ್ಟೋ ಜಾತಿಗಳಲ್ಲಿ ಮೊದಲು ಗಂಡಾಗಿದ್ದದ್ದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ) ನೂರಾರು ವರ್ಷಗಳಲ್ಲಿ ಒಂದು ದಿಬ್ಬವೇ ಏಳುತ್ತದೆ. ಆ ಎತ್ತರವೂ ಸುಮ್ನೆ ಅಲ್ಲ. ತಳದಲ್ಲಿ ಹೂಳು ಬಂದು ಕೂರುತ್ತದೆ, ಬೇಸಿಗೆಯಲ್ಲಿ ಅಲ್ಲಿ ಆಮ್ಲಜನಕವೂ ಕಡಿಮೆ. ಅದರಿಂದ ಮೇಲಿದ್ದರೆ ಬದುಕು.

ನಾವು ಮಾಡಿದ್ದೇನು? ದೋಣಿಗೆ ಕಬ್ಬಿಣದ ಹಲ್ಲಿನ ಬಲೆ ಕಟ್ಟಿ ಆ ದಿಬ್ಬಗಳನ್ನೇ ಕೆರೆದು ತಂದೆವು. ತಿಂದೆವು, ಚಿಪ್ಪನ್ನು ಸುಣ್ಣಕ್ಕೆ ಸುಟ್ಟೆವು, ರಸ್ತೆಗೆ ಹಾಕಿದೆವು. ಹಿಡಿಯುವುದನ್ನು ನಿಲ್ಲಿಸಿದರೆ ಸಿಂಪಿ ತಾನಾಗಿ ವಾಪಸ್ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಎಲ್ಲಿಗೆ ಬರಬೇಕು ಅದು? ಮನೆಯನ್ನೇ ಹೊತ್ತುಕೊಂಡು ಹೋಗಿದ್ದೇವಲ್ಲ.

ಅಮೆರಿಕದ ಚೆಸಾಪೀಕ್ ಕೊಲ್ಲಿಯ ಕತೆ ಇದೇ. 19ನೇ ಶತಮಾನದಲ್ಲಿ ಬೇಕಾಬಿಟ್ಟಿ ಬಾಚಿದರು. 20ನೇ ಶತಮಾನದಲ್ಲಿ ಡರ್ಮೋ, ಎಂಎಸ್‌ಎಕ್ಸ್ ಅನ್ನುವ ಎರಡು ರೋಗ ಬಂದು ಉಳಿದವನ್ನೂ ಕೊಂದವು. ಹಿಂದೆ ಅಲ್ಲಿನ ಸಿಂಪಿಗಳೆಲ್ಲ ಸೇರಿ ಇಡೀ ಕೊಲ್ಲಿಯ ನೀರನ್ನು ಒಂದು ವಾರದೊಳಗೆ ಸೋಸುತ್ತಿದ್ದವು, ಅಳಿದುಳಿದವಕ್ಕೆ ಅದೇ ಕೆಲಸಕ್ಕೆ ಸುಮಾರು ಒಂದು ವರ್ಷ ಬೇಕು ಅಂತ 1988ರ ಒಂದು ಲೆಕ್ಕ ಹೇಳಿತ್ತು. ಜಗತ್ತಿನ ಲೆಕ್ಕ ತೆಗೆದ 2011ರ ಅಧ್ಯಯನದ ಪ್ರಕಾರ ಸಿಂಪಿ ದಿಬ್ಬಗಳಲ್ಲಿ ಶೇ. 85ರಷ್ಟು ಹೋಗಿಬಿಟ್ಟಿವೆ.

ದೊಡ್ಡ ಸಿಂಪಿಯೊಂದು ದಿನಕ್ಕೆ ಸುಮಾರು 190 ಲೀಟರ್ ನೀರು ಸೋಸುತ್ತದೆ ಅಂತ ಎಲ್ಲ ಪೋಸ್ಟರ್‌ಗಳಲ್ಲೂ ಇರುತ್ತದೆ. ನಾನೂ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಗೊತ್ತಾಯಿತು, ಅದು ಬಿಸಿ, ಉಪ್ಪು ಎಲ್ಲ ಹದವಾಗಿದ್ದಾಗಿನ ಮಾತು. ಚಳಿಯಲ್ಲಿ ಅದು ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತದೆ. ನನಗೆ ಈಗ ಜಾಸ್ತಿ ಇಷ್ಟವಾಗುವುದು ಸೋಸಿದ ಮೇಲಿನ ಕೆಲಸ. ಪಾಚಿಯನ್ನು ತಿಂದು, ಬೇಡದ್ದನ್ನು ಲೋಳೆಯಲ್ಲಿ ಸುತ್ತಿ ಕೆಳಗೆ ಉಗುಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದರಲ್ಲಿರುವ ಸಾರಜನಕದ ಒಂದು ಪಾಲನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ನೀರು ತಿಳಿಯಾದರೆ ತಳಕ್ಕೆ ಬಿಸಿಲು ಇಳಿಯುತ್ತದೆ, ಕಡಲ ಹುಲ್ಲು ಬೆಳೆಯುತ್ತದೆ. ದಿಬ್ಬದ ಸಂದುಗಳಲ್ಲಿ ಏಡಿ, ಸೀಗಡಿ, ಮೀನಿನ ಮರಿಗಳು ಅಡಗಿಕೊಳ್ಳುತ್ತವೆ. ಅಲೆಯ ಹೊಡೆತವೂ ದಿಬ್ಬಕ್ಕೆ ಬಡಿದು ತಗ್ಗುತ್ತದೆ.

ಮತ್ತೆ ಬೆಳೆಸುವವರು ಮೊದಲು ಮಾಡುವುದೂ ಚಿಪ್ಪಿನ ಕೆಲಸವೇ. ತೊಳೆದ ಹಳೆಯ ಚಿಪ್ಪುಗಳನ್ನು ತೊಟ್ಟಿಯಲ್ಲಿ ಇಟ್ಟು, ಮರಿಗಳನ್ನು ಬಿಟ್ಟು, ಅವು ಅಂಟಿದ ಮೇಲೆ ದೋಣಿಯಲ್ಲಿ ಒಯ್ದು ಕೊಲ್ಲಿಗೆ ಸುರಿಯುತ್ತಾರೆ. ಅದೇ ಚೆಸಾಪೀಕ್ ಕೊಲ್ಲಿಗೆ ಸೇರುವ, ಮೇರಿಲ್ಯಾಂಡ್‌ನ ಹ್ಯಾರಿಸ್ ಕ್ರೀಕ್‌ನಲ್ಲಿ ಹೀಗೆ ಸುಮಾರು 350 ಎಕರೆಗೆ 200 ಕೋಟಿಗೂ ಹೆಚ್ಚು ಮರಿ ಹಾಕಿ 2015ರಲ್ಲಿ ಕೆಲಸ ಮುಗಿಸಿದರು. ಅಲ್ಲಿ ಸಿಂಪಿ ಹಿಡಿಯುವ ಹಾಗಿಲ್ಲ. ಚಿಪ್ಪು ಸಾಲದ ಕಡೆ ಕಲ್ಲು ಹಾಕಿದರು, ಏಡಿ ಹಿಡಿಯುವವರು ನಮ್ಮ ಹಗ್ಗ ಸಿಕ್ಕಿಕೊಳ್ಳುತ್ತದೆ ಅಂತ ಬೈದರು. ಅವರ ಸಿಟ್ಟೂ ತಪ್ಪಲ್ಲ, ಅಲ್ವಾ?

ಇನ್ನೊಂದು ಮಾತು. ಹೊಲದ ಗೊಬ್ಬರ, ಊರಿನ ಚರಂಡಿ ಎಲ್ಲ ಹಾಗೇ ಹರಿದು ಬರುತ್ತಿದ್ದರೆ ಸಿಂಪಿ ಒಂದೇ ಎಷ್ಟು ಅಂತ ಸೋಸೀತು? ಕೊಳಕು ನೀರಿನ ಸಿಂಪಿಯನ್ನು ತಿನ್ನುವಂತೆಯೂ ಇಲ್ಲ. ನ್ಯೂಯಾರ್ಕ್ ಬಂದರಿನಲ್ಲಿ 2035ರೊಳಗೆ 100 ಕೋಟಿ ಸಿಂಪಿ ಬೆಳೆಸಲು ಹೊರಟಿರುವ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್‌ನವರದ್ದೂ ತಟ್ಟೆಗೆ ಬರುವ ಸಿಂಪಿಯಲ್ಲ. ಚಿಪ್ಪು ಮಾತ್ರ ತಟ್ಟೆಯಿಂದಲೇ ಬರುತ್ತದೆ. ರೆಸ್ಟೋರೆಂಟ್‌ಗಳಲ್ಲಿ ಜನ ತಿಂದು ಬಿಟ್ಟ ಚಿಪ್ಪನ್ನು ಒಟ್ಟು ಮಾಡಿ, ರೋಗಾಣು ಸಾಯಲಿ ಅಂತ ಒಂದು ವರ್ಷ ಬಿಸಿಲು ಮಳೆಗೆ ಒಡ್ಡಿ ರಾಶಿ ಹಾಕಿಡುತ್ತಾರೆ. ಆ ರಾಶಿ ಒಣಗಿದ ಮೇಲೆಯೇ ಮುಂದಿನ ಮರಿಗಳಿಗೆ ಜಾಗ.